ನೀರಿಗೆ ಮಾತ್ರ ತಾಮ್ರ

ಹಳೆಯ ಅಡುಗೆಮನೆಯಲ್ಲಿ ಒಂದೊಂದು ಪಾತ್ರೆಗೂ ಒಂದೊಂದು ಕೆಲಸ ಗೊತ್ತಾಗಿತ್ತು. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ, ಗೊಜ್ಜು-ಹುಳಿಗೆ ಕಲ್ಚಟ್ಟಿ, ಅನ್ನಕ್ಕೆ ಕಲಾಯಿ ಹಾಕಿಸಿದ ಹಿತ್ತಾಳೆ ತಪ್ಪಲೆ, ಮೊಸರಿಗೆ ಮಣ್ಣಿನ ಗಡಿಗೆ. ಕಲಾಯಿ ಇಲ್ಲದ ಬರಿ ತಾಮ್ರ ನೀರಿಗೆ ಮೀಸಲು. ದೇವರ ಮುಂದಿನ ಪಂಚಪಾತ್ರೆ, ನಡುಮನೆಯ ಬಿಂದಿಗೆ, ಬಚ್ಚಲ ಒಲೆಯ ಮೇಲೆ ಕೂತ ಹಂಡೆ, ಎಲ್ಲದರಲ್ಲೂ ನೀರೇ. ಯಾರಾದರೂ ತಾಮ್ರದ ಚೊಂಬಿಗೆ ಮಜ್ಜಿಗೆ ಬಗ್ಗಿಸಹೋದರೆ ಅಜ್ಜಿಯಂದಿರು "ಕಿಲುಬು ಬಿಡುತ್ತೆ ಕಣೋ" ಎಂದು ಚೊಂಬನ್ನೇ ಕಸಿದುಕೊಳ್ಳುತ್ತಿದ್ದರು.

ತಾಮ್ರ ಈಗ ಮತ್ತೆ ಮನೆಗಳಿಗೆ ಬಂದಿದೆ. ಕಚೇರಿಯ ಮೇಜಿನ ಮೇಲೆ ತಾಮ್ರದ ಬಾಟಲಿ, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ತಾಮ್ರದ ಜಗ್, ಊಟದ ಕೋಣೆಯ ಮೂಲೆಯಲ್ಲಿ ನಲ್ಲಿ ಕೂಡಿಸಿದ ತಾಮ್ರದ ಡ್ರಮ್. ಪಾತ್ರೆಯೇನೋ ಬಂತು, ಅದರ ಜೊತೆಗಿದ್ದ ಕಟ್ಟುಪಾಡು ಬರಲಿಲ್ಲ. ಅದೇ ಬಾಟಲಿಗೆ ನಿಂಬೆಹಣ್ಣಿನ ಪಾನಕ ತುಂಬಿ ಮಕ್ಕಳ ಶಾಲೆಯ ಚೀಲದಲ್ಲಿಡುವವರಿದ್ದಾರೆ. ತಾಮ್ರದ ನೀರಿನ ಪದ್ಧತಿಯ ಬಗ್ಗೆ ಬರೆಯುವಾಗ ಅದರ ಗುಣದಷ್ಟೇ ಆ ಕಟ್ಟುಪಾಡಿನ ಬಗ್ಗೆಯೂ ಬರೆಯಬೇಕು ಎನ್ನುವುದು ಇದಕ್ಕಾಗಿಯೇ.

ಶಾಸ್ತ್ರ ಏನನ್ನುತ್ತದೆ ಎಂಬುದನ್ನು ಮೊದಲು ನೋಡೋಣ. ಆಯುರ್ವೇದದ ಮೂಲಗ್ರಂಥಗಳಲ್ಲೊಂದಾದ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯ ನೀರು, ಹಾಲು, ಮೊಸರು, ಎಣ್ಣೆ ಮುಂತಾದ ದ್ರವಗಳಿಗೆ ಮೀಸಲಾದದ್ದು. ನೀರನ್ನು ಯಾವ ಪಾತ್ರೆಯಲ್ಲಿಟ್ಟು ಕುಡಿಯಬೇಕೆಂದು ಹೇಳುವಾಗ ಅಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಂಚು, ಸ್ಫಟಿಕದಂಥ ಮಣಿ, ಮಣ್ಣು ಇಷ್ಟೂ ಒಂದೇ ಸಾಲಿನಲ್ಲಿ ಬರುತ್ತವೆ. ಕಲಕಿದ ನೀರನ್ನು ತಿಳಿಗೊಳಿಸಲು ಏಳು ಸಾಧನಗಳ ಪಟ್ಟಿಯೂ ಅದೇ ಅಧ್ಯಾಯದಲ್ಲಿದೆ. ಚಿಲ್ಲದ ಬೀಜ ಅದರಲ್ಲಿ ಮೊದಲನೆಯದು, ಬಟ್ಟೆಯಲ್ಲಿ ಸೋಸುವುದೂ ಒಂದು. ಅಂದರೆ ತಾಮ್ರವೊಂದೇ ಸರ್ವಶ್ರೇಷ್ಠ ಎಂದು ಸುಶ್ರುತ ಹೇಳಲಿಲ್ಲ. ಸಾಮಾನ್ಯರ ಕೈಗೆ ಚಿನ್ನ ಬೆಳ್ಳಿ ಎಟುಕಲಿಲ್ಲ, ಮಣ್ಣು ಒಡೆಯಿತು. ತಲೆಮಾರುಗಳ ಕಾಲ ಬಾಳುವ ತಾಮ್ರ ಉಳಿಯಿತು. ಬೆಳಗಿನ ಜಾವ ಎದ್ದೊಡನೆ ಬರಿಹೊಟ್ಟೆಯಲ್ಲಿ ನೀರು ಕುಡಿಯುವ ಉಷಃಪಾನದ ರೂಢಿಗೂ ರಾತ್ರಿ ತುಂಬಿಟ್ಟ ತಾಮ್ರದ ತಂಬಿಗೆಗೂ ನಂಟು ಬೆಳೆದದ್ದು ಮನೆಗಳಲ್ಲಿ.

ಅದೇ ಆಯುರ್ವೇದದಲ್ಲಿ ಲೋಹ-ಖನಿಜಗಳಿಂದ ಮದ್ದು ಮಾಡುವ ಶಾಖೆಯಾದ ರಸಶಾಸ್ತ್ರ ತಾಮ್ರವನ್ನು ಬಲು ಎಚ್ಚರಿಕೆಯಿಂದ ಕಂಡಿತು. ವಿಷಕ್ಕೆ ಒಂದೇ ದೋಷ, ಶುದ್ಧಿ ಮಾಡದ ತಾಮ್ರಕ್ಕೆ ಎಂಟು ಎಂಬುದು ಅಲ್ಲಿಯ ಮಾತು. ವಾಂತಿ, ತಲೆಸುತ್ತು ಆ ಎಂಟರಲ್ಲಿ ಸೇರಿವೆ. ತಾಮ್ರಭಸ್ಮ ಸಿದ್ಧವಾಯಿತೋ ಇಲ್ಲವೋ ಎಂದು ನೋಡಲು ವೈದ್ಯರು ಚಿಟಿಕೆ ಭಸ್ಮವನ್ನು ಹುಳಿಮೊಸರಿನ ಮೇಲೆ ಉದುರಿಸಿ ಬಿಡುತ್ತಾರೆ. ಮೊಸರು ಹಸಿರು-ನೀಲಿಗೆ ತಿರುಗಿದರೆ ತಾಮ್ರ ಇನ್ನೂ ಕರಗುತ್ತಿದೆ ಎಂದರ್ಥ, ಮತ್ತೆ ಪುಟ ಕೊಡಬೇಕು, ಎಂದರೆ ಸುಡಬೇಕು. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಕಂಡುಕೊಂಡ ಈ ಪರೀಕ್ಷೆಯ ಬಗ್ಗೆ ನನಗೆ ಅಪಾರ ಗೌರವ. ಅಜ್ಜಿಯ "ಕಿಲುಬು ಬಿಡುತ್ತೆ" ಎಂಬ ಗದರಿಕೆಯೂ ವೈದ್ಯರ ಮೊಸರಿನ ಪರೀಕ್ಷೆಯೂ ಹೇಳುವುದು ಒಂದೇ: ಹುಳಿ ಸೋಕಿದರೆ ತಾಮ್ರ ಕರಗುತ್ತದೆ.

ಇನ್ನು ಪ್ರಯೋಗಾಲಯದ ಮಾತು. ತಾಮ್ರದಲ್ಲಿ ನೀರಿಡುವ ಪದ್ಧತಿಯ ಬಗ್ಗೆ ನಡೆದ, ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನವೊಂದು ಬೆಂಗಳೂರಿನದೇ. ಯಲಹಂಕದ ಬಳಿ ಇರುವ, ಸ್ಥಳೀಯ ಆರೋಗ್ಯ ಪರಂಪರೆಗಳ ಅಧ್ಯಯನಕ್ಕೆಂದೇ ಹುಟ್ಟಿದ ಸಂಸ್ಥೆ ಎಫ್.ಆರ್.ಎಲ್.ಎಚ್.ಟಿ. ಅಲ್ಲಿ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಕೋಲ್ಕತ್ತದ ವಿಜ್ಞಾನಿಗಳ ಜೊತೆಗೂಡಿ ಮಾಡಿದ ಈ ಕೆಲಸ 2012ರಲ್ಲಿ ಪ್ರಕಟವಾಯಿತು. ಕಾಲರಾ, ರಕ್ತಭೇದಿ, ಟೈಫಾಯಿಡ್, ಪ್ಯಾರಾಟೈಫಾಯಿಡ್ ಮತ್ತು ಭೇದಿ ತರುವ ಇ. ಕೋಲೈ ರೋಗಾಣುಗಳನ್ನು ನೀರಿಗೆ ಬೆರೆಸಿ, ಮಾಮೂಲಿ ಕೋಣೆಯ ಉಷ್ಣತೆಯಲ್ಲಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಆ ನೀರಿನಿಂದ ಒಂದು ರೋಗಾಣುವನ್ನೂ ಬೆಳೆಸಲಾಗಲಿಲ್ಲ. ಗಾಜಿನ ಬಾಟಲಿಯಲ್ಲಿಟ್ಟ ನೀರಿನಲ್ಲಿ ಅವು ಹೆಚ್ಚಿದ್ದವು. ನೀರಿಗೆ ಬಿಟ್ಟುಕೊಂಡಿದ್ದ ತಾಮ್ರದ ಪ್ರಮಾಣ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಬಿಂದಿಗೆ ಕೊಳ್ಳುವ ಶಕ್ತಿಯಿಲ್ಲದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದೇ ಬಳಗ ಇದಕ್ಕೂ ಮೊದಲೇ ನೀರಿನೊಳಗೆ ಇಳಿಬಿಡುವ ತಾಮ್ರದ ಸಾಧನವನ್ನೂ ಪರೀಕ್ಷಿಸಿತ್ತು.

ತಾಮ್ರದ ಈ ಶಕ್ತಿ ಪಶ್ಚಿಮಕ್ಕೂ ಹೊಸದಲ್ಲ. ಸ್ವಿಟ್ಜರ್‌ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಪಾಚಿಯ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಲೋಹದ ಅತ್ಯಲ್ಪ ಅಂಶ ಕೂಡ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು ಗುರುತಿಸಿದ. ಅವನ ಬರಹ ಅಚ್ಚಾದದ್ದು 1893ರಲ್ಲಿ. ಪಾತ್ರೆಯಿಂದ ನೀರಿಗಿಳಿಯುವ ತಾಮ್ರದ ಅಯಾನುಗಳು ರೋಗಾಣುವಿನ ಹೊರಪೊರೆಯನ್ನು ಕೆಡಿಸಿ ಒಳಗಿನ ಕೆಲಸವನ್ನೇ ನಿಲ್ಲಿಸುತ್ತವೆ. 2008ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತಾಮ್ರದ ಮಿಶ್ರಲೋಹಗಳನ್ನು ರೋಗಾಣುನಾಶಕ ಮೇಲ್ಮೈಗಳೆಂದು ನೋಂದಾಯಿಸಿತು. ಆದರೆ ನೀರಿನಲ್ಲಿ ರೋಗಾಣು ಸಾಯಲು ಸಮಯ ಬೇಕು. ಬೆಳಿಗ್ಗೆ ತುಂಬಿ ಹತ್ತು ನಿಮಿಷಕ್ಕೆ ಕುಡಿದರೆ ಅದು ತಾಮ್ರದ ನೀರಲ್ಲ, ತಾಮ್ರದ ಲೋಟದಲ್ಲಿನ ನೀರು ಅಷ್ಟೇ.

ತಾಮ್ರದಿಂದ ಆಗದ್ದನ್ನೂ ಹೇಳಲೇಬೇಕು. ಪಾವಗಡದ, ಮುಂಡರಗಿಯ ಕೊಳವೆಬಾವಿ ನೀರಿನ ಫ್ಲೋರೈಡನ್ನು ಯಾವ ಬಿಂದಿಗೆಯೂ ತೆಗೆಯುವುದಿಲ್ಲ. ನೈಟ್ರೇಟು, ಕೀಟನಾಶಕ, ಕೊಳಚೆಯ ಬಗ್ಗಡಕ್ಕೂ ಅದು ಮದ್ದಲ್ಲ. ಜಾಹೀರಾತುಗಳಲ್ಲಿ ಬರುವ ತೂಕ ಇಳಿಕೆ, ಥೈರಾಯ್ಡ್, ಸಂಧಿವಾತ, ಮುಪ್ಪು ತಡೆಯಂಥ ಮಾತುಗಳಿಗೆ ಬೆಂಗಳೂರಿನ ಆ ಪ್ರಯೋಗದಲ್ಲಿ ಯಾವ ಆಧಾರವೂ ಇಲ್ಲ. ಅದು ತೋರಿಸಿದ್ದು ರೋಗಾಣುಗಳ ನಾಶವನ್ನು. ಭೇದಿಯಿಂದ ಮಕ್ಕಳು ಸಾಯುವ ದೇಶದಲ್ಲಿ ಅದು ಸಣ್ಣ ಸಂಗತಿಯಲ್ಲ, ಅದಕ್ಕೆ ಬೇರೆ ಬಣ್ಣ ಹಚ್ಚಬೇಕಾಗಿಯೂ ಇಲ್ಲ.

ಕಟ್ಟುಪಾಡು ಮುರಿದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಪುಟ್ಟ ಮಕ್ಕಳ ಯಕೃತ್ತು ಗಟ್ಟಿಯಾಗಿ ಪ್ರಾಣಕ್ಕೇ ಎರವಾಗುತ್ತಿದ್ದ ಕಾಯಿಲೆಯೊಂದಕ್ಕೆ ವೈದ್ಯಕೀಯದಲ್ಲಿ ನಮ್ಮ ದೇಶದ ಹೆಸರೇ ಅಂಟಿಕೊಂಡಿತ್ತು: ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್. 1980ರ ದಶಕದಲ್ಲಿ ಪುಣೆಯ ಮಕ್ಕಳ ವೈದ್ಯರು, ಸಂಶೋಧಕರು ಇದರ ಬೆನ್ನು ಹತ್ತಿದರು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹಾಲು ಕಾಯಿಸಿ, ಅದರಲ್ಲೇ ಇಟ್ಟು ಕೂಸುಗಳಿಗೆ ಕುಡಿಸುವುದಕ್ಕೂ ಯಕೃತ್ತಿನಲ್ಲಿ ತಾಮ್ರ ಶೇಖರವಾಗುವುದಕ್ಕೂ ಇರುವ ನಂಟು ಬಯಲಾಯಿತು. ಆ ಪಾತ್ರೆಗಳು ಹೋಗಿ ಸ್ಟೀಲ್ ಬಂದಂತೆ ಕಾಯಿಲೆಯೂ ಅಪರೂಪವಾಯಿತು. ಹಾಲು, ಮೊಸರು, ಮಜ್ಜಿಗೆ, ಹಣ್ಣಿನ ರಸ, ಹುಣಸೆ ಹಾಕಿದ ಸಾರು ಯಾವುದಕ್ಕೂ ಬರಿ ತಾಮ್ರ ಸಲ್ಲದು. ದೇಹದಿಂದ ತಾಮ್ರ ಹೊರಹೋಗದ ವಿಲ್ಸನ್ ಕಾಯಿಲೆ ಇರುವವರಿಗಂತೂ ತಾಮ್ರದಲ್ಲಿಟ್ಟ ನೀರೂ ಬೇಡ.

ಈಗ ಪಾತ್ರೆ ಮಾಡುವ ಕೈಗಳ ಹತ್ತಿರ ಹೋಗೋಣ. ಗುಂಡಗೆ ಕತ್ತರಿಸಿದ ತಾಮ್ರದ ತಗಡನ್ನು ಕಬ್ಬಿಣದ ಗೂಟದ ಮೇಲಿಟ್ಟು, ಒಂದು ಕೈಯಲ್ಲಿ ತಿರುಗಿಸುತ್ತ ಇನ್ನೊಂದರಲ್ಲಿ ಸುತ್ತಿಗೆಯಿಂದ ಬಡಿಯುತ್ತಾರೆ. ಬಡಿದಂತೆಲ್ಲ ತಾಮ್ರ ಗಡುಸಾಗುತ್ತದೆ. ಹಾಗೇ ಮುಂದುವರಿಸಿದರೆ ಅಂಚು ಬಿರಿಯುತ್ತದೆ. ಅದಕ್ಕೇ ನಡುನಡುವೆ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರ ಮೆತ್ತಗಾಗಿ ಮತ್ತೆ ಸುತ್ತಿಗೆಗೆ ಬಗ್ಗುತ್ತದೆ. ಬಡಿ, ಕಾಯಿಸು, ಅದ್ದು, ಮತ್ತೆ ಬಡಿ. ಕೊಡದ ಹೊಟ್ಟೆ ಒಂದು ತುಂಡು, ಕಂಠ ಇನ್ನೊಂದು. ಅವುಗಳ ಅಂಚಿಗೆ ಹಲ್ಲು ಕಡಿದು, ಒಂದರೊಳಗೊಂದು ಕೂಡಿಸಿ, ಬಿಳಿಗಾರ ಹಾಕಿ ಬೆಸೆಯುತ್ತಾರೆ. ಹಳೆಯ ಕೊಡವೊಂದು ಮನೆಯಲ್ಲಿದ್ದರೆ ತಿರುಗಿಸಿ ನೋಡಿ, ಆ ಹಲ್ಲುಗಳ ಗೆರೆ ಹೊಳಪಿನ ಅಡಿಯಲ್ಲಿ ಕಾಣುತ್ತದೆ. ಕೊನೆಗೆ ಹುಣಸೆಹುಳಿಯಲ್ಲಿ ತಿಕ್ಕಿ, ಮೈತುಂಬ ಒತ್ತೊತ್ತಾಗಿ ಸುತ್ತಿಗೆಯ ಗುರುತು ಹಾಕುತ್ತಾರೆ. ಬೆಳಕು ಬಿದ್ದರೆ ಮೀನಿನ ಹುರುಪೆಯಂತೆ ಮಿನುಗುವ ಈ ಗುರುತುಗಳು ಚಂದಕ್ಕಷ್ಟೇ ಅಲ್ಲ. ಆ ಒಂದೊಂದು ಏಟೂ ತೆಳು ತಗಡಿಗೆ ಬಿಗುವು ಕೊಡುತ್ತದೆ, ಪಾತ್ರೆ ಸುಲಭಕ್ಕೆ ನೆಗ್ಗುವುದಿಲ್ಲ.

ಪುಣೆಯ ಕಸಬಾ ಪೇಟೆಯಲ್ಲಿ ತಾಂಬಟ್ ಆಳಿ ಎಂಬ ಕೇರಿ ಇದೆ. ಪೇಶ್ವೆಗಳ ಕಾಲದಲ್ಲಿ ನೆಲೆ ಕಂಡ ತಾಮ್ರದ ಕೆಲಸಗಾರರ ಕೇರಿ ಅದು. ಸುತ್ತಿಗೆಯ ಈ ಗುರುತಿನ ಕೆಲಸಕ್ಕೆ ಅಲ್ಲಿ ಮಠಾರಕಾಮ್ ಎನ್ನುತ್ತಾರೆ. ಪಂಜಾಬಿನ ಅಮೃತಸರದ ಹತ್ತಿರದ ಜಂಡಿಯಾಲಾ ಗುರು ಎಂಬ ಊರಿನ ಠಠೇರಾಗಳ ತಾಮ್ರ-ಹಿತ್ತಾಳೆ ಕಸುಬನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕಸುಬು ಪುಸ್ತಕದಿಂದ ಬಂದದ್ದಲ್ಲ, ತಂದೆಯ ಬಾಯಿಂದ, ಕೈಯಿಂದ ಮಗನಿಗೆ ಬಂದದ್ದು. ನಮ್ಮಲ್ಲೂ ಈ ಕೆಲಸಕ್ಕೆ ಹೆಸರಾದ ಊರು-ಬೀದಿಗಳಿವೆ. ನಾಗಮಂಗಲ ಲೋಹದ ಕೆಲಸಕ್ಕೆ ಹಿಂದಿನಿಂದಲೂ ಪ್ರಸಿದ್ಧ, ಹುಬ್ಬಳ್ಳಿಯಲ್ಲಿ ಕಂಚಗಾರ ಗಲ್ಲಿಯೇ ಇದೆ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಒಂದು ಕಾಲಕ್ಕೆ ತಾಮ್ರದ ಗಣಿಯೂ ನಡೆಯುತ್ತಿತ್ತು.

ಆದರೆ ಬೀದಿಗೆ ಉಳಿದ ಹೆಸರು ಸುತ್ತಿಗೆಯ ಸದ್ದಿಗೆ ಉಳಿಯಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು "ಹಳೇ ತಾಮ್ರ ಹಿತ್ತಾಳೆಗೆ ಹೊಸ ಸ್ಟೀಲ್ ಪಾತ್ರೆ" ಎಂದು ಕೂಗುತ್ತ ಬಂದವರಿಗೆ ನಮ್ಮ ತಾಯಂದಿರು ಹಂಡೆ, ಕೊಪ್ಪರಿಗೆ, ಗಂಗಾಳಗಳನ್ನು ಕೊಟ್ಟು ಕಳುಹಿಸಿದರು. ತಿಕ್ಕುವ ಶ್ರಮ ತಪ್ಪಿತು, ಕಿಲುಬಿನ ಭಯ ಹೋಯಿತು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಪಾತ್ರೆ ತಿಕ್ಕುತ್ತಿದ್ದದ್ದು ಅವರೇ ತಾನೆ. ಅದರ ಹಿಂದೆಯೇ ಕಲಾಯಿಯವರೂ ಕಣ್ಮರೆಯಾದರು. ನೆಲದಲ್ಲಿ ಗುಂಡಿ ತೋಡಿ ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಒಳಮೈ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತಿತ್ತು. ಹುಳಿಗೂ ತಾಮ್ರಕ್ಕೂ ನಡುವೆ ಇದ್ದ ಗೋಡೆ ಆ ತೆಳು ತವರ. ಕಲಾಯಿಯವರು ಇಲ್ಲದ ಊರಿನಲ್ಲಿ ತಾಮ್ರ, ಹಿತ್ತಾಳೆಯಲ್ಲಿ ಅಡುಗೆ ಮಾಡುವುದು ಸುರಕ್ಷಿತವಲ್ಲ.

ಇನ್ನು ಬಳಕೆ. ಶುದ್ಧ, ತಿಳಿಯಾದ ನೀರನ್ನು ರಾತ್ರಿ ತುಂಬಿ ಮುಚ್ಚಿಡಿ, ಬೆಳಿಗ್ಗೆ ಕುಡಿಯಿರಿ. ಉಳಿದದ್ದನ್ನು ಗಿಡಕ್ಕೆ ಹಾಕಿ, ವಾರಗಟ್ಟಲೆ ಅದರ ಮೇಲೇ ಹೊಸ ನೀರು ಸುರಿಯಬೇಡಿ. ಮೆದುವಾದ ಅಥವಾ ಸ್ವಲ್ಪ ಹುಳಿಯ ಗುಣವಿರುವ ನೀರು ತಾಮ್ರವನ್ನು ಹೆಚ್ಚು ಕರಗಿಸುತ್ತದೆ. ನೀರಿಗೆ ಕಹಿ ಲೋಹದ ರುಚಿ ಬಂದರೆ, ಹೊಟ್ಟೆ ತೊಳಸಿದರೆ ನಿಲ್ಲಿಸಿ. ಒಳಗೆ ಹಸಿರು ಕಂಡ ದಿನ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ. ಕಂದು ಹೋಗಿ ಗುಲಾಬಿ ಬಣ್ಣ ಮೂಡುವುದನ್ನು ಕಣ್ಣಾರೆ ನೋಡಬಹುದು. ಆ ಹುಳಿ ಒಂದಿಷ್ಟೂ ಉಳಿಯದಂತೆ ಎರಡು-ಮೂರು ಸಲ ತೊಳೆದು, ಒರೆಸಿ, ಒಣಗಿಸಿ ಮತ್ತೆ ತುಂಬಬೇಕು. ಇಲ್ಲಿ ಬಾಟಲಿಗಿಂತ ಅಗಲ ಬಾಯಿಯ ಚೊಂಬು, ಬಿಂದಿಗೆಯೇ ಮೇಲು. ಕೈ ಒಳಗೆ ಹೋಗದ ಪಾತ್ರೆಯನ್ನು ಸ್ವಚ್ಛವಾಗಿಡುವುದು ಕಷ್ಟ, ಒಳಗೆ ಕಿಲುಬು ಹಿಡಿದದ್ದು ಕಾಣುವುದೂ ಇಲ್ಲ. ಕೊಳ್ಳುವಾಗ ಒಳಮೈ ನೋಡಿ. ಹೊರಗಷ್ಟೇ ತಾಮ್ರವಿದ್ದು ಒಳಗೆ ಸ್ಟೀಲ್ ಇರುವ, ಇಲ್ಲವೇ ಮಾಸದಿರಲೆಂದು ಒಳಗೂ ಮೆರುಗೆಣ್ಣೆ ಬಳಿದಿರುವ ಪಾತ್ರೆಯಲ್ಲಿ ನೀರಿಗೆ ತಾಮ್ರ ಸೋಕುವುದೇ ಇಲ್ಲ. ಎಂದೂ ಮಾಸದ ತಾಮ್ರದ ಪಾತ್ರೆ ಕಂಡರೆ ಅನುಮಾನಿಸಿ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಬಿಂದಿಗೆಯೊಂದು ಇರಬಹುದು. ಅದನ್ನು ಗುಜರಿಯವರ ತಕ್ಕಡಿಗೆ ಹಾಕುವ ಮೊದಲು ನಿಮ್ಮೂರಿನಲ್ಲಿ ಪಾತ್ರೆ ರಿಪೇರಿಯವರು ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸಿ. ಅಕ್ಕಸಾಲಿಗರನ್ನು ಕೇಳಿ, ದೇವಸ್ಥಾನದವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ನೆಗ್ಗು ತೆಗೆಸಿ, ಸೋರುವಲ್ಲಿ ಬೆಸುಗೆ ಹಾಕಿಸಿ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಆ ಕೆಲಸ ಬಲ್ಲವರು ಇನ್ನು ಕೆಲವರೇ ಇದ್ದಾರೆ, ಕೆಲಸ ಸಿಕ್ಕರೆ ಮಾತ್ರ ಅವರ ಮಕ್ಕಳೂ ಸುತ್ತಿಗೆ ಹಿಡಿದಾರು.