ಆಂಗ್ಲ ಬೋಧನೆಯ ಆರಂಭದಲ್ಲಿ ರೂಪವರ್ಣನೆ

ಜಾತ್ರೆಯ ಜನಸಂದಣಿಯಲ್ಲಿ ಕೈತಪ್ಪಿದ ಮಗುವಿನ ಗುರುತು ಹೇಳಬೇಕಾದ ತಾಯಿಗೆ ಅಲಂಕಾರಶಾಸ್ತ್ರವು ನೆರವಿಗೆ ಬಾರದು. ವಯಸ್ಸೆಷ್ಟು, ಎತ್ತರವೆಷ್ಟು, ಮೈಬಣ್ಣ ಯಾವುದು, ಕೆನ್ನೆಯ ಮೇಲೆ ಮಚ್ಚೆಯುಂಟೆ ಎಂಬ ನಾಲ್ಕಾರು ಮಾತುಗಳೇ ಮಗುವನ್ನು ಮರಳಿ ಮಡಿಲಿಗೆ ತರುತ್ತವೆ. ಪರನಾಡಿನ ರೈಲುನಿಲ್ದಾಣದಲ್ಲಿ ಇಂಥ ಸಂದರ್ಭವೊದಗಿದರೆ ಆ ಮಾತುಗಳು ಇಂಗ್ಲಿಷಿನಲ್ಲಿಯೇ ಬೇಕಾಗಬಹುದು. ಆದುದರಿಂದ ಇಂಗ್ಲಿಷ್ ಕಲಿಕೆಯ ಪ್ರಾರಂಭದಲ್ಲಿಯೇ ವ್ಯಕ್ತಿಯ ರೂಪವನ್ನು ಹೇಳುವ ಪಾಠಕ್ಕೆ ಸ್ಥಾನವಿರುವುದು ಉಚಿತವಾಗಿಯೇ ಇದೆ. ಕನ್ನಡದ ಮಕ್ಕಳಿಗೆ ಇದರಲ್ಲಿ ಸುಲಭವಾದುದು ಯಾವುದು, ತೊಡಕಾದುದು ಯಾವುದು ಎಂಬುದನ್ನು ಅಧ್ಯಾಪಕರು ಮೊದಲೇ ಅರಿತಿದ್ದರೆ ಶ್ರಮವು ಅರ್ಧವಾಗುತ್ತದೆ.

ಸುಲಭವಾದುದನ್ನು ಮೊದಲು ನೋಡಬಹುದು. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಇಂಗ್ಲಿಷಿನಲ್ಲಿ ಆ ಕಟ್ಟಿಲ್ಲ. ‘ಎತ್ತರದ ಹುಡುಗ’, ‘ಎತ್ತರದ ಹುಡುಗಿಯರು’ ಎಂಬಲ್ಲಿ ವಿಶೇಷಣವು ಬದಲಾಗದಿರುವಂತೆಯೇ ‘ಟಾಲ್ ಬಾಯ್’, ‘ಟಾಲ್ ಗರ್ಲ್ಸ್’ ಎಂಬಲ್ಲಿಯೂ ಬದಲಾಗದು. ‘ಉದ್ದನೆಯ ಕಪ್ಪು ಕೂದಲು’ ಎಂಬ ಪದಕ್ರಮವೇ ‘ಲಾಂಗ್ ಬ್ಲ್ಯಾಕ್ ಹೇರ್’ ಎಂಬುದರಲ್ಲಿಯೂ ಇದೆ: ಅಳತೆ ಮೊದಲು, ಬಣ್ಣ ಅನಂತರ.

ತೊಡಕು ಪ್ರಶ್ನೆಯಲ್ಲಿಯೇ ಆರಂಭವಾಗುತ್ತದೆ. ‘ಅವನು ಹೇಗಿದ್ದಾನೆ?’ ಎಂಬ ಕನ್ನಡದ ಪ್ರಶ್ನೆ ಕ್ಷೇಮವನ್ನೂ ಕೇಳುತ್ತದೆ, ರೂಪವನ್ನೂ ಕೇಳುತ್ತದೆ. ಇಂಗ್ಲಿಷಿನಲ್ಲಿ ‘ಹೌ ಈಸ್ ಹಿ?’ ಎಂದರೆ ಕ್ಷೇಮಪ್ರಶ್ನೆ. ‘ವಾಟ್ ಡಸ್ ಹಿ ಲುಕ್ ಲೈಕ್?’ ಎಂದರೆ ಮಾತ್ರ ರೂಪದ ಪ್ರಶ್ನೆ. ಇವೆರಡನ್ನು ಬೇರ್ಪಡಿಸಿ ಕಲಿಸದಿದ್ದರೆ ಉತ್ತರಗಳೆಲ್ಲವೂ ದಾರಿತಪ್ಪುತ್ತವೆ.

ಎರಡನೆಯ ತೊಡಕು ಕ್ರಿಯಾಪದದ್ದು. ‘ಅವನು ಎತ್ತರ’ ಎಂಬ ಕನ್ನಡ ವಾಕ್ಯ ಕ್ರಿಯಾಪದವಿಲ್ಲದೆಯೇ ಪೂರ್ಣ. ಹಾಗಾಗಿ ‘ಹಿ ಟಾಲ್’ ಎಂಬ ತಪ್ಪು ಸಹಜ. ‘ಅವಳಿಗೆ ಉದ್ದ ಕೂದಲಿದೆ’ ಎಂಬಲ್ಲಿ ವ್ಯಕ್ತಿ ಚತುರ್ಥಿಯಲ್ಲಿದ್ದು ಕೂದಲೇ ಕರ್ತೃವಾಗಿದೆ. ಇಂಗ್ಲಿಷಿನಲ್ಲಿ ವ್ಯಕ್ತಿಯೇ ಕರ್ತೃವಾಗಿ ‘ಶಿ ಹ್ಯಾಸ್ ಲಾಂಗ್ ಹೇರ್’ ಎಂದಾಗುತ್ತದೆ. ಇಡಿಯ ದೇಹದ ಗುಣಕ್ಕೆ ‘ಈಸ್’, ಅವಯವವನ್ನು ಹೇಳುವಲ್ಲಿ ‘ಹ್ಯಾಸ್’ ಎಂಬ ಸೂತ್ರವೊಂದೇ ಆರಂಭಿಕರಿಗೆ ಸಾಕು.

ಪದಗಳ ವ್ಯಾಪ್ತಿಯಲ್ಲಿಯೂ ಭೇದವುಂಟು. ಮನುಷ್ಯನೂ ಬೆಟ್ಟವೂ ಕನ್ನಡದಲ್ಲಿ ‘ಎತ್ತರ’ವೇ, ಇಂಗ್ಲಿಷಿನಲ್ಲಿ ಮನುಷ್ಯ ‘ಟಾಲ್’, ಬೆಟ್ಟ ‘ಹೈ’. ಕಪ್ಪು ಕಣ್ಣು ನಮ್ಮಲ್ಲಿ ಸೌಂದರ್ಯಲಕ್ಷಣ. ‘ಎ ಬ್ಲ್ಯಾಕ್ ಐ’ ಎಂದರೆ ಪೆಟ್ಟುಬಿದ್ದು ಕಂದಿದ ಕಣ್ಣು. ‘ಡಾರ್ಕ್ ಐಸ್’ ಎನ್ನುವುದು ಸರಿ. ಗುರುಗಳನ್ನು ‘ಹಿ’ ಎನ್ನಲು ಮಗು ಅಳುಕುತ್ತದೆ. ‘ಅವರು’ ಎಂಬ ಗೌರವವಾಚಕವು ಆ ಭಾಷೆಯ ಸರ್ವನಾಮದಲ್ಲಿಲ್ಲವೆಂದೂ, ಹಾಗೆನ್ನುವುದು ಅವಿನಯವಲ್ಲವೆಂದೂ ತಿಳಿಹೇಳಬೇಕು.

ಇನ್ನು ವರ್ಣನೆಯ ಕ್ರಮ. ದೇವತೆಗಳನ್ನು ಪಾದದಿಂದಲೂ ಮನುಷ್ಯರನ್ನು ಶಿರಸ್ಸಿನಿಂದಲೂ ವರ್ಣಿಸಬೇಕೆಂಬ ಕವಿಸಂಪ್ರದಾಯವನ್ನು ಕುಮಾರಸಂಭವದ ವ್ಯಾಖ್ಯಾನದಲ್ಲಿ ಮಲ್ಲಿನಾಥನು ನೆನೆಯುತ್ತಾನೆ. ತರಗತಿಗೂ ಇಂಥ ಒಂದು ಕ್ರಮ ಹಿತಕರ: ಮೊದಲು ವಯಸ್ಸು, ಎತ್ತರ, ಮೈಕಟ್ಟು, ಬಳಿಕ ಕೂದಲು, ಕಣ್ಣು, ಮುಖ, ಕೊನೆಗೆ ಮಚ್ಚೆ, ಕನ್ನಡಕ, ಉಡುಪು. ಕ್ರಮವಿದ್ದರೆ ಮುಂದಿನ ಮಾತು ತಾನಾಗಿ ನೆನಪಾಗುತ್ತದೆ.

ಪಟ್ಟಿಯ ಕಂಠಪಾಠದಿಂದ ಮಾತ್ರ ಭಾಷೆ ಬಾರದು. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದು, ‘ಬೆಂಗಳೂರು ಯೋಜನೆ’ಯೆಂದು ಹೆಸರಾದ ಪ್ರಯೋಗವು, ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣವೂ ಮೈಗೂಡುತ್ತದೆಂಬ ತತ್ತ್ವವನ್ನು ಆಧರಿಸಿತ್ತು. ಐದಾರು ಮುಖಗಳ ಚಿತ್ರಗಳನ್ನು ಗೋಡೆಗೆ ತೂಗುಹಾಕಿ, ಒಬ್ಬ ವಿದ್ಯಾರ್ಥಿ ಮನಸ್ಸಿನಲ್ಲಿ ಒಂದನ್ನು ಆರಿಸಿ ವರ್ಣಿಸಿದರೆ, ಉಳಿದವರು ಅದು ಯಾವುದೆಂದು ಗುರುತಿಸಲಿ. ಮಾತು ಸರಿಯಿದ್ದರೆ ಚಿತ್ರ ಸಿಕ್ಕುತ್ತದೆ. ತಪ್ಪಿದರೆ ತಪ್ಪು ತಾನೇ ತಿಳಿಯುತ್ತದೆ.

ಇಲ್ಲಿ ಚಿತ್ರಗಳನ್ನೇ ಬಳಸಬೇಕೆಂಬುದಕ್ಕೆ ಬಲವಾದ ಕಾರಣವಿದೆ. ಎದುರಿಗೆ ಕುಳಿತ ಮಗುವನ್ನು ನಿಲ್ಲಿಸಿ ಅದರ ಮೈಬಣ್ಣವನ್ನೋ ಸ್ಥೂಲತೆಯನ್ನೋ ಹತ್ತು ಬಾಯಿಗಳಿಂದ ಹೇಳಿಸಿದರೆ, ಅಂದಿನ ಪಾಠದ ಪದವೇ ನಾಳೆ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ‘ಫ್ಯಾಟ್’ ಎಂಬುದನ್ನು ಇಂಗ್ಲಿಷರೂ ಮುಖದ ಮುಂದೆ ಆಡಲು ಹಿಂಜರಿಯುತ್ತಾರೆ. ಯಾವ ಪದ ಗುರುತಿಸುತ್ತದೆ, ಯಾವುದು ನೋಯಿಸುತ್ತದೆ ಎಂಬ ವಿವೇಕವೂ ಭಾಷಾಜ್ಞಾನದ ಅಂಗವೇ. ತನ್ನ ರೂಪವನ್ನು ಸಂಕೋಚವಿಲ್ಲದೆ ತಾನೇ ಹೇಳಬಲ್ಲ, ಪರರ ರೂಪವನ್ನು ಗೌರವದಿಂದ ಹೇಳಬಲ್ಲ ವಿದ್ಯಾರ್ಥಿಯನ್ನು ರೂಪಿಸಿದ ಪಾಠವೇ ಸಾರ್ಥಕವಾದ ಪಾಠ.