ಹಗಲಿಗೊಬ್ಬ, ಇರುಳಿಗೊಬ್ಬ: ರಾಣಿಗೆ ಗೊತ್ತಿತ್ತೇ?

ಅಹಮದಾಬಾದ್, ವಡೋದರ, ಸೂರತ್‌ಗಳ ಕನ್ನಡಿಗರಿಗೆ ಶ್ರಾವಣದಲ್ಲಿ ಎರಡೆರಡು ನಾಗಪಂಚಮಿ. ಶುದ್ಧ ಪಂಚಮಿಗೆ ಮನೆಯಲ್ಲಿ ತಂಬಿಟ್ಟು, ಎಳ್ಳುಂಡೆ ಮಾಡಿ ನಾಗಪ್ಪನಿಗೆ ಹಾಲೆರೆದಾಯಿತು ಎನ್ನುವಾಗ, ಹದಿನೈದು ದಿನ ಬಿಟ್ಟು ಬಹುಳ ಪಂಚಮಿಗೆ ಪಕ್ಕದ ಮನೆಯ ಗುಜರಾತಿ ಬೆನ್ ಸಜ್ಜೆಹಿಟ್ಟು, ಬೆಲ್ಲ, ತುಪ್ಪ ಕಲಸಿದ ‘ಕುಲೇರ್’ ಎಡೆ ಇಡುತ್ತಾರೆ. ಉತ್ತರ ಕರ್ನಾಟಕದವರಿಗಂತೂ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ಆ ತವರಿನ ದಾರಿಯೇ ಮುಚ್ಚಿಹೋದ ಹುಡುಗಿಯ ಕಥೆ ಗಿರೀಶ ಕಾರ್ನಾಡರ ‘ನಾಗಮಂಡಲ’.

ಗುಜರಾತಿನವರಿಗೆ ಕಾರ್ನಾಡರು ಪರಕೀಯರೇನಲ್ಲ. ಇಲ್ಲಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ ಶ್ಯಾಮ್ ಬೆನಗಲ್‌ರ ‘ಮಂಥನ್’ (1976) ಚಿತ್ರದ ಡಾ. ರಾವ್ ಅವರೇ. ‘ನಾಗಮಂಡಲ’ವನ್ನು ಅವರು ಬರೆದದ್ದು 1987-88ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ, ಕಥೆ ಕೇಳಿದ್ದು ಎ.ಕೆ. ರಾಮಾನುಜನ್ ಅವರಿಂದ. ಅಚ್ಚ ಕನ್ನಡ ಮಣ್ಣಿನದೆಂದು ನಾವು ಬೀಗುವ ನಾಟಕ ಹುಟ್ಟಿದ್ದು ಹೊರನಾಡಿನಲ್ಲಿ!

ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಜಡಿಯುತ್ತಾನೆ. ಮಧ್ಯಾಹ್ನ ಬಂದು ಸ್ನಾನ, ಊಟ ಮುಗಿಸಿ ಸೂಳೆಯ ಮನೆಗೆ ನಡೆಯುತ್ತಾನೆ. ಕುರುಡವ್ವ ಕೊಟ್ಟ ವಶೀಕರಣದ ಬೇರನ್ನು ರಾಣಿ ಸಾರಿಗೆ ಹಾಕಿದರೆ ಅದು ರಕ್ತದಂತೆ ಕೆಂಪಾಗುತ್ತದೆ. ಹೆದರಿದ ಅವಳು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದೊಳಗಿನ ನಾಗ ಅವಳಿಗೆ ಒಲಿದು ಪ್ರತಿ ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುತ್ತಾನೆ. ಹಗಲಿನವನು ಗದರುತ್ತಾನೆ, ಇರುಳಿನವನು ಮುದ್ದಿಸುತ್ತಾನೆ. ಏಕೆಂದು ಮಾತ್ರ ಕೇಳುವಂತಿಲ್ಲ.

ಟಿ.ಎಸ್. ನಾಗಾಭರಣ ಇದನ್ನು 1997ರಲ್ಲಿ ತೆರೆಗೆ ತಂದರು. ಪ್ರಕಾಶ್ ರೈ ಅವರೇ ಅಪ್ಪಣ್ಣ, ಅವರೇ ನಾಗ. ವಿಜಯಲಕ್ಷ್ಮಿ ರಾಣಿ, ಬಿ. ಜಯಶ್ರೀ ಕುರುಡವ್ವ. ಗೋಪಾಲ ವಾಜಪೇಯಿಯವರ ಪದಗಳಿಗೆ ಸಿ. ಅಶ್ವಥ್ ರಾಗ ಹಾಕಿದರು. ಕಂಬದ ಮೇಲಿನ ಬೊಂಬೆಯೊಡನೆ ರಾಣಿ ಮಾತಾಡುವ ಹಾಡನ್ನು ಸಂಗೀತಾ ಕಟ್ಟಿ ಹಾಡಿದ್ದಾರೆ. ಮಾತಿಗೊಬ್ಬರಿಲ್ಲದ ಮನೆಯಲ್ಲಿ ಬೊಂಬೆಯಾದರೂ ಆದೀತು. ಮದುವೆಯಾಗಿ ಬಂದ ಹೊಸತರಲ್ಲಿ ಗುಜರಾತಿ ಬಾರದೆ, ಗಂಡ ಕೆಲಸಕ್ಕೆ ಹೋದ ಮೇಲೆ ನಾಲ್ಕು ಗೋಡೆ ನೋಡುತ್ತ ಕುಳಿತವರಿಗೆ ಈ ಹಾಡಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾಟಕದಲ್ಲಿರುವುದಕ್ಕಿಂತ ರಾಣಿಯ ಒಂಟಿತನ ಚಿತ್ರದಲ್ಲಿ ಹೆಚ್ಚು ತಟ್ಟುವುದು ಈ ಹಾಡಿನಿಂದಲೇ.

ಆದರೆ ರಾಣಿಗೆ ಎಲ್ಲವೂ ಗೊತ್ತಿತ್ತೇ? ಪಕ್ಕದ ರಾಜಸ್ಥಾನದ ವಿಜಯದಾನ ದೇಥಾ ಅವರ ‘ದುವಿಧಾ’ ಕಥೆಯಲ್ಲೂ ಗಂಡನ ವೇಷದಲ್ಲಿ ಬರುವುದು ಭೂತ. ಮಣಿ ಕೌಲ್ 1973ರಲ್ಲಿ, ಅಮೋಲ್ ಪಾಲೇಕರ್ 2005ರಲ್ಲಿ ‘ಪಹೇಲಿ’ಯಾಗಿ ಅದನ್ನು ಚಿತ್ರ ಮಾಡಿದರು. ಅಲ್ಲಿ ಭೂತ ಮೊದಲೇ ನಿಜ ಹೇಳುತ್ತದೆ, ಹೆಣ್ಣು ತಿಳಿದೇ ಒಪ್ಪುತ್ತಾಳೆ. ಇಲ್ಲಿ ನಾಗ ಬಾಯಿ ಬಿಡುವುದಿಲ್ಲ. ಬಸುರಾದ ರಾಣಿ ಪಂಚರ ಮುಂದೆ ಹುತ್ತಕ್ಕೆ ಕೈಯಿಟ್ಟು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಅಕ್ಷರಶಃ ಸತ್ಯ! ನಾಗ ಹೆಡೆ ಎತ್ತಿ ನೆರಳಾಗುತ್ತಾನೆ, ಊರು ಅವಳನ್ನು ದೇವಿಯೆಂದು ಕಾಲಿಗೆ ಬೀಳುತ್ತದೆ. ಸೂಳೆಯ ಮನೆಗೆ ಹೋಗುತ್ತಿದ್ದ ಅಪ್ಪಣ್ಣನಿಗೆ ಮಾತ್ರ ಯಾರೂ ಆಣೆ ಕೇಳುವುದಿಲ್ಲ. ಚಿತ್ರ ನೋಡಿ ನಾಗನನ್ನು ಮೆಚ್ಚಿಕೊಂಡು ಮನೆಗೆ ಮರಳುವವರು ಇದನ್ನು ಮರೆತೇಬಿಡುತ್ತಾರೆ.

ರಾಜ್ಯೋತ್ಸವಕ್ಕೆ ಯಾವ ನಾಟಕ ಎಂದು ಹುಡುಕುವ ಸಂಘಗಳಿಗೆ ಇದು ಕೈಗೆಟುಕುವಂಥದು. ಬೇಕಾದುದು ಒಂದು ಬಾಗಿಲು, ಒಂದು ಹುತ್ತ. ಅಪ್ಪಣ್ಣ, ನಾಗ ಎರಡಕ್ಕೂ ಒಬ್ಬನೇ ನಟ. ಕಷ್ಟವಿರುವುದು ಮುಕ್ತಾಯದಲ್ಲಿ. ನಾಗ ರಾಣಿಯ ಜಡೆಯಲ್ಲೇ ಉರುಲು ಹಾಕಿಕೊಂಡು ಸತ್ತನೆಂದ ಮೇಲೂ ಕಾರ್ನಾಡರು ಕಥೆ ನಿಲ್ಲಿಸುವುದಿಲ್ಲ. ಇನ್ನೊಂದು ಮುಕ್ತಾಯದಲ್ಲಿ ಅವಳ ಕೂದಲಿಂದ ಜೀವಂತ ಹಾವು ಬೀಳುತ್ತದೆ. ಅಪ್ಪಣ್ಣ ಹೊಡೆಯಲು ಕೋಲು ತರಲು ಓಡುತ್ತಾನೆ. ಅವನು ಬರುವಷ್ಟರಲ್ಲಿ ರಾಣಿ ಹಾವನ್ನು ತನ್ನ ತುರುಬಿನೊಳಗೆ ಬಚ್ಚಿಟ್ಟು, ಹರಿದು ಹೋಯಿತೆಂದು ಹೇಳುತ್ತಾಳೆ.