ಕಾಲೇಜಿನ ಮೊದಲ ವರ್ಷ ಮತ್ತು ಮಕ್ಕಳ ಮನಃಸ್ಥಿತಿ

ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ವಿದ್ಯಾರ್ಥಿನಿ ಕಾಲೇಜಿನಲ್ಲಿ ಕೊನೆಯ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತಿರುತ್ತಾಳೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಮಕ್ಕಳ ವಿಷಯದಲ್ಲಿ ಇದು ಅಪರೂಪದ ದೃಶ್ಯವಲ್ಲ. ಮನೆಯಲ್ಲಿ ಕನ್ನಡ, ಗೆಳೆಯರ ಗುಂಪಿನಲ್ಲಿ ಮರಾಠಿ, ವಿಜ್ಞಾನದ ತರಗತಿಯಲ್ಲಿ ಇಂಗ್ಲಿಷ್. ಪಾಠ ತಿಳಿಯಲಿಲ್ಲವೆಂದು ಕೇಳಲೂ ಆಕೆಗೆ ಧೈರ್ಯ ಸಾಲದು. ಬುದ್ಧಿ ಕುಂದಿಲ್ಲ, ಭಾಷೆ ಬದಲಾಗಿದೆ. ಆದರೆ ಹದಿನಾರರ ವಯಸ್ಸಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. 'ನಾನೇ ದಡ್ಡಿ' ಎಂಬ ತೀರ್ಮಾನಕ್ಕೆ ಆಕೆ ಬಂದುಬಿಡುತ್ತಾಳೆ.

ಇದರೊಡನೆ ಮನೆಯವರ ನಿರೀಕ್ಷೆಯೂ ಸೇರುತ್ತದೆ. ಇಚಲಕರಂಜಿಯಲ್ಲಿ ರಾತ್ರಿಪಾಳಿಯಲ್ಲಿ ವಿದ್ಯುತ್ ಮಗ್ಗ ನಡೆಸುವ ತಂದೆ, ಗಡಹಿಂಗ್ಲಜದ ಕಡೆ ಕಬ್ಬಿನ ಬಿಲ್ಲಿಗಾಗಿ ಕಾದು ಶುಲ್ಕ ತುಂಬುವ ತಂದೆ, ಇವರ ಮುಂದೆ ಮಗ 'ನನ್ನಿಂದಾಗದು' ಎಂದು ಹೇಗೆ ಹೇಳಿಯಾನು? ಹೇಳಲಾಗದ ಮಾತು ಒಳಗೇ ಉಳಿಯುತ್ತದೆ. ಕೊಲ್ಹಾಪುರದಲ್ಲಿ ಕೋಣೆ ಹಿಡಿದಿರುವವನಿಗಂತೂ ಒಂಟಿತನ, ನಿದ್ರಾಭಂಗ, ಹೊತ್ತುಗೊತ್ತಿಲ್ಲದ ಊಟ.

ಆದರೂ ಮನೆಯ ನೆನಪಿನ ಬೇಸರವೆಲ್ಲ ಖಿನ್ನತೆಯಲ್ಲ. ಎರಡು ವಾರಗಳಿಗೂ ಮಿಕ್ಕಿ ಪ್ರತಿದಿನವೂ ಮನಸ್ಸು ಕುಗ್ಗಿದ್ದು, ಪ್ರಿಯವಾದ ಆಟಪಾಠಗಳಲ್ಲಿಯೂ ಆಸಕ್ತಿ ಇಂಗಿ, ನಿದ್ರೆ-ಹಸಿವುಗಳು ಕೆಟ್ಟರೆ ವೈದ್ಯರನ್ನು ಕಾಣಲೇಬೇಕು. ಪರಿಸ್ಥಿತಿಯಷ್ಟೇ ಅಲ್ಲದೆ ವಂಶವಾಹಿಯೂ ಇದಕ್ಕೆ ಕಾರಣವಾಗಬಲ್ಲುದು. ಸಲಹೆ ಮತ್ತು ಔಷಧೋಪಚಾರದಿಂದ ಗುಣ ಕಾಣುವ ಕಾಯಿಲೆಯಿದು. ನಮ್ಮ ಹಿರಿಯರು ಇದನ್ನು ಸೊಕ್ಕು, ಸೋಮಾರಿತನ ಎನ್ನುವುದುಂಟು. ಆ ಬೈಗುಳ ಮಗುವಿನ ಬಾಯಿಯನ್ನು ಇನ್ನಷ್ಟು ಮುಚ್ಚಿಸುತ್ತದೆ.

ರಾಜರ್ಷಿ ಶಾಹೂ ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ವಿದ್ಯಾರ್ಥಿ ವಸತಿಗೃಹಗಳನ್ನು ತೆರೆಸಿದರು. ಹಳ್ಳಿಯ ಮಕ್ಕಳಿಗೆ ಸೂರಿನೊಡನೆ ತಮ್ಮವರೆನ್ನುವ ಜತೆಯೂ ಅಲ್ಲಿ ದೊರೆಯಿತು. ಇಂದು ಬಿಡಿಬಿಡಿಯಾಗಿ ಬಾಡಿಗೆ ಕೋಣೆಗಳಲ್ಲಿರುವ ನಮ್ಮ ಮಕ್ಕಳಿಗೆ ಆ ಜತೆಯಿಲ್ಲ. ಆ ನಗರದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಮೊದಲ ಆರು ತಿಂಗಳು ಭಾನುವಾರಕ್ಕೊಮ್ಮೆ ಒಬ್ಬ ಹುಡುಗನನ್ನು ಊಟಕ್ಕೆ ಕರೆದು ಕನ್ನಡದಲ್ಲಿ ಮಾತನಾಡಿಸಿದರೆ, ಪಾಠದ ತೊಡಕೂ ಮನಸ್ಸಿನ ತೊಡಕೂ ಬೇಗ ಹೊರಬೀಳುತ್ತವೆ.

ಸಾಯುವ ಮಾತು ಬಂದರೆ ಅದನ್ನು ಹಗುರವಾಗಿ ಎಣಿಸದೆ, ಮಗುವನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಮರಾಠಿಯಂತೆ ಕನ್ನಡವೂ ಇದೆ.